ಲುದ್ಯಮ್ಮನ ಅರಿವಿ ಒಗೆಯುವ ಕಲ್ಲು

ಶಹಾಪುರದ ಚರ್ಚಿನ ಹಿಂದಿನ ಓಣಿಯಲ್ಲಿ ಲುದ್ಯಮ್ಮನ ಬಗ್ಗೆ ಒಂದು ಮಾತು ಬಹಳ ವರ್ಷ ಓಡಾಡಿತು. "ಆ ಹೆಣ್ಮಗಳಿಗಿ ಶುದ್ಧದ ಹುಚ್ಚು. ಊರ ಮಂದಿ ಕಲ್ಲಿನ ಮ್ಯಾಲೆ ಅರಿವಿ ತೊಳದ್ರ, ಅಕಿ ಮೊದಲು ಕಲ್ಲಿಗೇ ಜಳಕ ಮಾಡಿಸ್ತಾಳ" ಎನ್ನುತ್ತಿದ್ದರು.

ಅದು ಸುಳ್ಳೇನಲ್ಲ. ಕುಡಿಯುವ ನೀರಿನ ಕೊಡ ಹೊತ್ತು ಬಂದಳೆಂದರೆ, ಮನೆಯ ಹಂಡೆಗೆ ಒಂದು ಹನಿ ಬೀಳುವ ಮೊದಲು ಹಿತ್ತಿಲಿನ ಕಲ್ಲಿಗೆ ಒಂದು ತಂಬಿಗೆ ನೀರು ಸುರಿಯಲೇಬೇಕು. ಆ ಕಲ್ಲಿನ ಮೇಲೆ ಅವಳು ಅರಿವಿಯನ್ನು ಎತ್ತಿ ಬಡಿದದ್ದನ್ನು ಯಾರೂ ಕಾಣಲಿಲ್ಲ. ಕೂಸಿನ ಬೆನ್ನು ತಿಕ್ಕಿದ ಹಾಗೆ ಮೆತ್ತಗೆ ತಿಕ್ಕುವಳು. ಓಣಿಯ ಹುಡುಗರು ಆಟದ ಭರದಲ್ಲಿ ಗೋಡೆ ಹಾರಿ ಬಂದು ಕಲ್ಲು ಹತ್ತಿ ನಿಂತರೆ ಮಾತ್ರ, ಯಾವತ್ತೂ ದನಿ ಎತ್ತದ ಹೆಂಗಸು ಕಸಬರಿಗೆ ಹಿಡಿದು ಓಡಿ ಬರುತ್ತಿದ್ದಳು.

ಗೋಡೆಯಾಚೆಯ ಮನೆ ಖಾಸಿಂಬೀಯದು. ಅವಳು ಕತ್ತು ನೀಳ ಮಾಡಿ ಇಣುಕಿ ಕೇಳುವಳು: "ಏ ಲುದ್ಯಮ್ಮಾ, ನಿನ್ನ ಕಲ್ಲು ಬರೇ ನೀರs ಕುಡೀತದೋ, ಚಾನೂ ಕುಡೀತದೋ? ಒಂದು ಕಪ್ ಕಳಸ್ಲೇನು?"

"ನಿನ್ನ ಚಾದಾಗ ಸಕ್ಕರಿ ಭಾಳ ಇರ್ತದವಾ. ಅದು ಒಲ್ಲದು."

ಇಬ್ಬರೂ ನಗುವರು. ಖಾಸಿಂಬೀ ನಕ್ಕು ಒಳಗೆ ಹೋಗುವಳು. ಲುದ್ಯಮ್ಮನ ನಗು ಮಾತ್ರ ಮುಖದ ಮೇಲೇ ಒಣಗುತ್ತಿತ್ತು. ಯಾಕೆಂದರೆ ಆ ಕಲ್ಲು ಕಲ್ಲಲ್ಲ. ಅದು ಹಳ್ಳದವ್ವ. ಬೋರಲು ಮಲಗಿದ್ದಳು, ಮುಖ ಮಣ್ಣಿಗೆ ಕೊಟ್ಟು. ಮಲಗಿಸಿದವಳು ಲುದ್ಯಮ್ಮನೇ.

ಲುದ್ಯಮ್ಮ ಹುಟ್ಟಿದಾಗ ಅವಳ ಹೆಸರು ಶೇಖಮ್ಮ. ಸಗರದ ಆಚೆ ಒಂದು ಹಳ್ಳದ ದಂಡೆಯ ಬೇಡರ ಮನೆತನ. ಹಿಂದಿನವರು ಬಲೆ ಹೊತ್ತು ಬೇಟೆಗೆ ಹೋಗುತ್ತಿದ್ದ ಕಾಲದಿಂದಲೂ ಆ ಹಳ್ಳದ ಮಗ್ಗುಲಲ್ಲಿ ಒಂದು ಕರಿಯ ಚಪ್ಪಡಿ ಕಲ್ಲು ನಿಂತಿತ್ತು. ಅದರ ಮೇಲೆ ಎರಡು ಕಣ್ಣು, ಒಂದು ಮೂಗು, ಅಷ್ಟೇ. ಬಾಯಿ ಕೆತ್ತಿರಲಿಲ್ಲ. ಹಳ್ಳದವ್ವನಿಗೆ ಕೋಳಿ ಇಲ್ಲ, ಕುರಿ ಇಲ್ಲ. ಅವಳೆದುರು ನೀರು ಕುಡಿಯಲು ಬಂದದ್ದು ಮೊಲವಾಗಲಿ ಹುಲಿಯಾಗಲಿ, ಅದರ ಮೇಲೆ ಬೇಡ ಬಲೆ ಬೀಸುವಂತಿರಲಿಲ್ಲ. ಅಲ್ಲಿ ಹಸಿದವನಿಗಿಂತ ನೀರಡಿಸಿದವನು ದೊಡ್ಡವನು. ಅವಳಿಗೆ ಬೇಕಾದದ್ದು ಎರಡೇ. ಕೊಡದ ಮೊದಲ ನೀರು ಅವಳಿಗೆ, ಅದೂ ಮನೆಯ ಮಗಳ ಕೈಯಿಂದ. ಸೊಸೆಯ ಕೈ ನಡೆಯದು, ಗಂಡಸಿನ ಕೈಯಂತೂ ಇಲ್ಲವೇ ಇಲ್ಲ. ಎರಡನೆಯದು, ಅವಳ ತಲೆಯ ಮೇಲೆ ಚಾವಣಿ ಬರಕೂಡದು. ಗುಡಿ ಬೇಡ, ಮಂಟಪ ಬೇಡ, ಚಪ್ಪರದ ನೆರಳೂ ಬೇಡ. "ಮುಗಿಲು ನೋಡಿದ್ರಲ್ಲ ಅಕಿಗಿ ನೀರು ಬರೋದು ಗೊತ್ತಾಗೋದು?" ಎಂದು ಶೇಖಮ್ಮನ ತಾಯಿ ಮಲ್ಲಿಕಮ್ಮ ಮಗಳಿಗೆ ತಿಳಿಸಿ ಹೇಳಿದ್ದಳು.

ಆಮೇಲೆ ಕೆನಾಲು ಬಂತು. ನಾರಾಯಣಪುರದ ಕಡೆಯಿಂದ ಕೃಷ್ಣೆಯ ನೀರು ಬರುತ್ತದೆ, ಜೋಳದ ಹೊಲವೆಲ್ಲ ಭತ್ತದ ಗದ್ದೆ ಆಗುತ್ತವೆ ಎಂದರು. ಊರಿಗೆ ಊರೇ ಬುಟ್ಟಿ ಸಲಿಕೆ ಹಿಡಿದು ಮಣ್ಣು ಹೊರಲು ಹೋಯಿತು. ತಾಯಿ ಮಗಳೂ ಹೋದರು. ಅಲ್ಲಿ ಊಟದ ಹೊತ್ತಿಗೆ ತೂಗುಬಿಟ್ಟ ರೈಲು ಕಂಬಿಗೆ ಕಬ್ಬಿಣದಿಂದ ಹೊಡೆದು ಸದ್ದು ಮಾಡುವ ಕೆಲಸ ಸಮುವೇಲಪ್ಪ ಎಂಬ ತೆಳ್ಳನೆಯ ಹುಡುಗನದು. ಶೇಖಮ್ಮ ಬುಟ್ಟಿ ಇಳಿಸುವುದು ನೋಡಿಯೇ ಅವನು ಕಂಬಿ ಹೊಡೆಯುತ್ತಾನೆಂದು ಹೆಂಗಸರು ಚಾಷ್ಟಿ ಮಾಡಿದರು. ಚಾಷ್ಟಿ ನಿಜವಾಯಿತು. ಅವನು ಚರ್ಚಿನವನು. ಮದುವೆ ಚರ್ಚಿನಲ್ಲಿಯೇ ಆಯಿತು, ಹೆಸರು ಲುದ್ಯಮ್ಮ ಎಂದಾಯಿತು. ಅಣ್ಣ ತಾಯಪ್ಪ ಅಂಗಳದಲ್ಲಿ ನಿಂತು, "ಇನ್ ಮ್ಯಾಲೆ ಈ ಹೊಸ್ತಿಲ ನಿನಗ ಇಲ್ಲ" ಎಂದ. ಸಮುವೇಲಪ್ಪನಿಗೆ ಚರ್ಚಿನ ಗಂಟೆ ಬಾರಿಸುವ, ಕಂಪೌಂಡು ಕಾಯುವ ಕೆಲಸ ಸಿಕ್ಕಿತು. ಕೆಲಸದ ಜೊತೆ ಹಿಂದುಗಡೆಯ ಒಂದು ಖೋಲಿಯ ಮನೆಯೂ ಸಿಕ್ಕಿತು.

ಅಷ್ಟರಲ್ಲಿ ಕೆನಾಲಿನ ಬುಲ್ಡೋಜರು ಹಳ್ಳವನ್ನೇ ಮುಚ್ಚಿ ಹಾಕಿತು. ಹಳ್ಳದವ್ವ ಏರಿಯ ಮಣ್ಣಿನಲ್ಲಿ ತಲೆಕೆಳಗಾಗಿ ಬಿದ್ದಿದ್ದಳು. ಮಲ್ಲಿಕಮ್ಮ ಬಗೆದು ತೆಗೆದು ಹೊಲದ ಬದುವಿನ ಮೇಲೆ ನಿಲ್ಲಿಸಿ, ಹಾಸಿಗೆ ಹಿಡಿದ ಮೇಲೆ ಮಗಳಿಗೆ ಹೇಳಿ ಕಳಿಸಿದಳು. ತಾಯಪ್ಪ ಇಲ್ಲದ ಹೊತ್ತು ನೋಡಿ ಲುದ್ಯಮ್ಮ ಹೋದಳು.

"ನೀ ಯಾರ ಮನಿಗರ ಹೋಗು, ಯಾರಿಗರ ಕೈ ಮುಗಿ," ಎಂದಳು ತಾಯಿ. "ನೀರು ಹಾಕೋದು ಮಾತ್ರ ನಿಂದು. ಅದನ್ನ ಯಾರೂ ಕಸಗೊಳ್ಳಾಕ ಬರೂದಿಲ್ಲ. ಒಯ್ಯಿ."

ಬುಟ್ಟಿಯಲ್ಲಿಟ್ಟು ತಲೆಯ ಮೇಲೆ ಹೊತ್ತು ತಂದಳು. ಆಗ ಹಿತ್ತಿಲಿಗೆ ಗೋಡೆ ಇರಲಿಲ್ಲ. ಹಿಂದಿನಿಂದಲೇ ಬಂದು ಇಳಿಸಿ, ಯಾರಾದರೂ ಕಂಡರೇ ಎಂದು ಸುತ್ತ ನೋಡಿದಳು. ಅದಕ್ಕೆ ಕಾರಣವೂ ಇತ್ತು. ಆ ವರ್ಷವೇ ದೇವಕ್ಕ ಎಂಬ ಬಡ ಹೆಂಗಸು ಮಗುವಿಗೆ ಅಮ್ಮ ಬಂದಾಗ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ್ದು ಗೊತ್ತಾಗಿ, ಆಗಿನ ಪಾದ್ರಿಗಳು ಅವಳನ್ನು ಎಲ್ಲರೆದುರು ನಿಲ್ಲಿಸಿ ಸೈತಾನನ ಸೇವೆ ಎಂದು ಬೈದಿದ್ದರು. ಮುಂದೆ ಬಹಳ ದಿನ ದೇವಕ್ಕ ಹಿಂದಿನ ಬೆಂಚಿನಲ್ಲಿ ಒಬ್ಬಳೇ ಕೂತಳು. ಆರಾಧನೆಯಲ್ಲಿ ಎಲ್ಲರಿಗೂ ಹಂಚುವ ಪ್ರಭುವಿನ ರೊಟ್ಟಿ ಅವಳ ಕೈಗೆ ಬರಲಿಲ್ಲ. ದೇವಕ್ಕನಿಗಾದರೆ ಸ್ವಂತ ಗುಡಿಸಲಿತ್ತು. ಲುದ್ಯಮ್ಮನಿಗೆ ಇದ್ದ ಮನೆ ಚರ್ಚಿನದು, ಉಣ್ಣುವ ಅನ್ನ ಗಂಟೆಯದು.

ಹಾಗಾಗಿ ಅವಳು ಹಳ್ಳದವ್ವನನ್ನು ಬೋರಲು ಮಲಗಿಸಿದಳು. ಗಂಡ ಬಂದು, "ಇದೇನಿದು?" ಎಂದ.

"ಅರಿವಿ ಒಗಿಯಾಕ ಕಲ್ಲು."

ಸಮುವೇಲಪ್ಪ ಕಲ್ಲನ್ನೊಮ್ಮೆ ಅವಳನ್ನೊಮ್ಮೆ ನೋಡಿ, "ಚಲೋ ಅದ" ಎಂದು ಗಂಟೆ ಬಾರಿಸಲು ಹೋದ. ಅಲ್ಲಿಗೆ ಮಾತು ಮುಗಿಯಿತು.

ಮುಗಿದದ್ದು ಮಾತು ಮಾತ್ರ. ಪ್ರತಿ ದಿನ ಮೊದಲ ನೀರು ಹಾಕುವಾಗ ಅವಳಿಗೆ ಅನಿಸುತ್ತಿತ್ತು: ಹಳ್ಳದವ್ವ ಮುಗಿಲು ಕೇಳಿದಳು, ನಾನು ಅವಳ ಮುಖಕ್ಕೆ ಮಣ್ಣು ಕೊಟ್ಟೆ. ಚರ್ಚಿನಲ್ಲಿ ಮೊಣಕಾಲೂರಿದರೆ ಹಿತ್ತಿಲು ನೆನಪಾಗುತ್ತಿತ್ತು, ಹಿತ್ತಿಲಲ್ಲಿ ಕೂತರೆ ಚರ್ಚು. ಯೇಸುಸ್ವಾಮಿಯ ಮೇಲೆ ಅವಳಿಗಿದ್ದ ಭಕ್ತಿಯಲ್ಲಿ ಕಳ್ಳತನವಿರಲಿಲ್ಲ. ಬಾವಿಯ ಹತ್ತಿರ ನೀರು ಕೇಳಿದ ಸ್ವಾಮಿಯ ಕತೆ ಓದಿದಾಗಲೆಲ್ಲ ಅವಳ ಕಣ್ಣು ತುಂಬುತ್ತಿತ್ತು. ಆದರೆ ಹೇಳುವುದು ಯಾರಿಗೆ? ಗಂಡನಿಗೆ ಹೇಳಿದರೆ ಅವನ ಕೆಲಸಕ್ಕೇ ಕುತ್ತು. ಆಮೇಲೆ ಕಂಪೌಂಡಿನ ಸುತ್ತ ಗೋಡೆ ಎದ್ದಿತು. ಕಟ್ಟಿದವನು ಖಾಸಿಂಬೀಯ ಗಂಡ, ಗೌಂಡಿ ರಾಜಾಸಾಬ. ಗೋಡೆ ಎದ್ದ ಮೇಲೆ ಹಿತ್ತಿಲಿಗೆ ಹೊರದಾರಿಯೇ ಇಲ್ಲದಾಯಿತು, ಹೋದರೂ ಬಂದರೂ ಮನೆಯೊಳಗಿಂದಲೇ.

ಈ ನಡುವೆ ಒಂದು ಸಣ್ಣ ಸಂಗತಿ ನಡೆಯಿತು. ಬಿಷಪ್ಪರು ಬರುವ ವರ್ಷ ಗಂಟೆಗೆಂದು ಯಾದಗಿರಿಯಿಂದ ಹಸಿರು ನೈಲಾನ್ ಹಗ್ಗ ತರಿಸಿದ್ದರು. ಲುದ್ಯಮ್ಮ ಸ್ತ್ರೀಯರ ಕೂಟಕ್ಕೆಂದು ಯಾದಗಿರಿಗೆ ಹೋಗಿದ್ದಾಗ ಆ ಹಗ್ಗ ಕಾಣೆಯಾಯಿತು. ಸಮುವೇಲಪ್ಪ, "ಯಾರೋ ಕದ್ದಾರ್ರಿ" ಎಂದ. ಕಂಪೌಂಡು ಕಾಯುವವನೇ ಹೀಗೆಂದರೆ ಯಾರು ಸುಮ್ಮನಿದ್ದಾರು? ಚರ್ಚಿನ ಸಭೆಯ ಸೆಕ್ರೆಟರಿ ದೇವಪುತ್ರ ಮಾಸ್ತರು ಆರಾಧನೆ ಮುಗಿದ ಮೇಲೆ ಎಲ್ಲರೆದುರು, "ಕಳ್ಳ ಹೊರಗಿನಾವೋ ಒಳಗಿನಾವೋ ದೇವರಿಗಿ ಗೊತ್ತು" ಎಂದರು. ಸಮುವೇಲಪ್ಪ ತಲೆ ತಗ್ಗಿಸಿ ನಿಂತ. ಹಳೆಯ ನಾರಿನ ಹಗ್ಗವನ್ನೇ ಮತ್ತೆ ಕಟ್ಟಿದ. ಲುದ್ಯಮ್ಮನಿಗೂ ಸಂಶಯ. "ಸೇಂದಿ ಅಂಗಡ್ಯಾಗ ಕೊಟ್ಟು ಬಂದ್ಯೇನು?" ಎಂದು ಹಂಗಿಸಿದಳು. ಆ ಮಾತಿಗೂ ಅವನು ಉತ್ತರ ಕೊಡಲಿಲ್ಲ. ಆಗಲೇ ಹಿತ್ತಿಲ ಕಲ್ಲು ಕೊಂಚ ಎತ್ತರವಾದಂತೆ ಕಂಡು ಕೇಳಿದ್ದಕ್ಕೆ, "ನೀರು ನಿಂದ್ರತಿತ್ತು, ಏರಿಸೀನಿ" ಎಂದಿದ್ದ, ಅಷ್ಟೇ. ಅದಾಗಿ ವರ್ಷಗಳು ಉರುಳಿದವು. ಸಮುವೇಲಪ್ಪ ತೀರಿಕೊಂಡು ಕಂಪೌಂಡಿನ ಮೂಲೆಯಲ್ಲಿ ಮಣ್ಣಾದ. ವಿಧವೆಯೆಂದು ಕನಿಕರಪಟ್ಟು, ಚರ್ಚಿನ ಕಸ ಹೊಡೆದುಕೊಂಡಿರಲಿ ಎಂದು ಲುದ್ಯಮ್ಮನನ್ನು ಅದೇ ಮನೆಯಲ್ಲಿ ಉಳಿಸಿದರು.

ಹೊಸ ಪಾದ್ರಿ ಬಂದರು. ಸುಜನಮಿತ್ರ ಎಂದು ಹೆಸರು, ಬೀದರ ಕಡೆಯವರು, ಎಳೆಯ ವಯಸ್ಸು, ಹೆಂಗಸರ ಕೈಯ ರೊಟ್ಟಿಯನ್ನು ಕೇಳಿ ತಿನ್ನುವ ಜಾತಿ. ಒಂದು ಆಯಿತ್ವಾರದ ಆರಾಧನೆಯಲ್ಲಿ ಅವರು ಚರ್ಚಿನ ಮೇಲಿನ ಸಭೆಯಿಂದ ಬಂದ ಹೇಳಿಕೆಯನ್ನು ಓದಿದರು. ಈ ನೆಲದ ಮೂಲ ಜನರನ್ನೂ, ಅವರು ತಮ್ಮ ಕಾಡು ನೀರು ಕಲ್ಲುಗಳಲ್ಲಿ ದೇವರನ್ನು ಕಂಡುಕೊಂಡ ಬಗೆಯನ್ನೂ ಸಭೆಯು ಇಂದಿನಿಂದ ಗೌರವದಿಂದ ಒಪ್ಪಿಕೊಳ್ಳುತ್ತದೆ. ಅದನ್ನು ಸೈತಾನನದೆಂದು ಕರೆದು ಅವರನ್ನು ನೋಯಿಸಿದ್ದಕ್ಕೆ ಕ್ಷಮೆ ಬೇಡುತ್ತದೆ, ಎಂದು ಅದರಲ್ಲಿತ್ತು. ಹಿಂದಿನ ಸಾಲಿನಲ್ಲಿ ಯಾರೋ ಆಕಳಿಸಿದರು. ದೇವಪುತ್ರ ಮಾಸ್ತರು ಮೂಗಿನ ಮೇಲಿನ ಚಾಳೀಸು ತೆಗೆದು ಒರೆಸಿಕೊಂಡರು. ಲುದ್ಯಮ್ಮನ ಕೈಯಲ್ಲಿದ್ದ ಕೀರ್ತನೆ ಪುಸ್ತಕ ನೆಲಕ್ಕೆ ಬಿತ್ತು.

ಆರಾಧನೆ ಮುಗಿದ ಮೇಲೆ ಬಾಗಿಲಲ್ಲಿ ಅವಳು ಪಾದ್ರಿಗಳ ಅಂಗಿಯ ತೋಳು ಹಿಡಿದಳು. "ಅಯ್ನೋರ, ಈಗ ಓದಿದ್ರಲ್ಲ, ಅದು ಖರೇ ಏನ್ರಿ? ನಾಳಿ ಬದಲಾಗೂದಿಲ್ಲಲ್ರಿ?"

"ಖರೇನೇ ಅಮ್ಮಾ. ಯಾಕ ಕೇಳ್ತೀರಿ?"

ಅವಳು ಅವರನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ ಕಲ್ಲು ತೋರಿಸಿದಳು. ತಾಯಿಯ ಮಾತನ್ನೂ, ಮೊದಲ ನೀರನ್ನೂ ಹೇಳಿ ಅತ್ತಳು. ಪಾದ್ರಿಗಳು ಚಪ್ಪಲಿ ಬಿಟ್ಟು ನಿಂತು ಕೇಳಿದರು. ಅವಳಿಗೆ ಬೇಕಾಗಿದ್ದದ್ದು ಇಷ್ಟೇ: ಹಳ್ಳದವ್ವನನ್ನು ಎಬ್ಬಿಸಿ ಕೂಡಿಸಬೇಕು, ಮುಖಕ್ಕೆ ಮುಗಿಲು ಕಾಣಬೇಕು, ತಾನು ಮೊದಲ ನೀರು ಹಾಕುವಾಗ ಹಿಂದೆ ತಿರುಗಿ ನೋಡದೆ ಹಾಕಬೇಕು.

ಪಾದ್ರಿಗಳು ಸಂತೋಷದಿಂದ ಹೋದರು. ಅವರ ಆ ಸಂತೋಷವೇ ಅವಳನ್ನು ಕಟ್ಟಿಹಾಕಿತು.

ಮರುವಾರ ದೇವಪುತ್ರ ಮಾಸ್ತರು ಅಳತೆಯ ಟೇಪು ಹಿಡಿದು ಬಂದರು. ಹಿತ್ತಿಲಲ್ಲಿ ಮಂಟಪ. ನಾಲ್ಕು ಕಂಬ, ಮೇಲೆ ಕಾಂಕ್ರೀಟಿನ ಸ್ಲ್ಯಾಬು, ಮುಂದೆ ಕಬ್ಬಿಣದ ಜಾಲರಿ, ಜಾಲರಿಗೆ ಬೀಗ. ಬಿಷಪ್ಪರೇ ಬಂದು ಉದ್ಘಾಟನೆ ಮಾಡುತ್ತಾರೆ.

"ಮಾಸ್ತರ, ಅಕಿಗಿ ಚಾವಣಿ ಆಗೂದಿಲ್ರಿ."

"ಅಲ್ಲಬೇ, ಮಳಿ ಬಿಸಲಿಗಿ ಹಂಗs ಬಿಡಾಕ ಆಗ್ತದೇನು? ಬಿಷಪ್ಪರು ಬಂದ್ರ ಏನಂದಾರು? ಮರ್ಯಾದಿ ಕೊಡಾಕತ್ತೀವಿ, ತಿಳ್ಕೋ."

"ಜಾಲರಿ ಯಾಕ್ರಿ?"

"ಕಳ್ಳರು! ಈ ಕಂಪೌಂಡಿನಾಗ ಹಗ್ಗಾನೇ ಉಳೀಲಿಲ್ಲ, ಮೂರ್ತಿ ಉಳೀತದೇನು? ಕೀಲಿ ಆಫೀಸಿನಾಗ ಇರ್ತದ. ಆಯಿತ್ವಾರ ಆರಾಧನಿ ಆದ ಮ್ಯಾಲೆ ತೆಗಸ್ತೀವಿ, ಒಂದು ತಂಬಿಗಿ ನೀರು ಹಾಕುವಂತಿ."

"ಆಯಿತ್ವಾರ ಮಧ್ಯಾಹ್ನಕ್ಕಂದ್ರ ಅದು ಮೊದಲ ನೀರು ಹೆಂಗಾಗ್ತದ್ರಿ? ಊರೆಲ್ಲ ಕುಡದಿರ್ತದ."

ಮಾಸ್ತರು ಟೇಪನ್ನು ಸರಕ್ಕೆಂದು ಒಳಗೆಳೆದುಕೊಂಡರು. "ನೋಡವಾ ಲುದ್ಯಮ್ಮ. ಸಮುವೇಲಪ್ಪ ಹೋದ ಮ್ಯಾಲೆ ಈ ಮನಿ ಖಾಲಿ ಮಾಡಸ್ರಿ ಅಂದವರು ಭಾಳ ಮಂದಿ. ಈಗ ಅಯ್ನೋರು, ಮಂಟಪ ನೋಡ್ಕೊಳ್ಳಾಕ ಮುದುಕಿ ಬೇಕು ಅಂತ ಬರಸ್ಯಾರ. ಕಲ್ಲು ಇದ್ರ ಮನಿ ಅದ. ಮುಂದಿಂದು ನಿನಗ ಬಿಟ್ಟದ್ದು."

ಅವಳು ಪಾದ್ರಿಗಳ ಬಳಿ ಹೋದಳು. ಅವರು ಕುರ್ಚಿ ಎಳೆದು ಕೂರಿಸಿ ಚಹ ತರಿಸಿದರು. "ಅಮ್ಮಾ, ಇಷ್ಟು ವರ್ಷ ಮಣ್ಣಾಗ ಇದ್ದಾಕಿನ್ನ ಎತ್ತರಕ್ಕ ಕೂಡಸೋ ಪುಣ್ಯ ನಮಗ ಸಿಗಲಿ. ನೀವು ಮುಂದಿನ ಸಾಲಿನ್ಯಾಗ ಕೂಡಬೇಕು" ಎಂದರು. ಇಷ್ಟು ಒಳ್ಳೆಯ ಮನುಷ್ಯನಿಗೆ ಬೇಡ ಎನ್ನುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ. ಬೈಯುವವರಿದ್ದಾಗ ಬಚ್ಚಿಡಲು ಬರುತ್ತಿತ್ತು. ಈಗ ಕೈ ಮುಗಿಯುವವರು ಬಂದಿದ್ದಾರೆ, ಎಲ್ಲಿ ಬಚ್ಚಿಡುವುದು? ಚಹ ಕುಡಿದು ಎದ್ದು ಬಂದಳು.

ಸುದ್ದಿ ಸಗರದ ತನಕ ಮುಟ್ಟಿತು. ತಾಯಪ್ಪ ಬಂದ. ಎಷ್ಟೋ ವರ್ಷದ ಮೇಲೆ ತಂಗಿಯನ್ನು ನೋಡುತ್ತಿದ್ದಾನೆ, ಮೀಸೆ ಬೆಳ್ಳಗಾಗಿದೆ. ಆದರೂ ಗೇಟು ದಾಟಲಿಲ್ಲ.

"ಏ ಶೇಖಿ, ಕಲ್ಲು ನಮ್ದು. ಮಂದಿ ಕೂಡಿ ಗುಡಿ ಕಟ್ಟಸಾಕತ್ತೇವಿ. ಮ್ಯಾಲೆ ಗೋಪುರ ಬರ್ತದ. ಟ್ರ್ಯಾಕ್ಟರ್ ತರ್ತೀನಿ."

"ಅಣ್ಣಾ, ಚಾವಣಿ ಅಕಿಗಿ ಆಗೂದಿಲ್ಲ, ಅವ್ವ ಹೇಳಿದ್ದು ಮರತ್ಯೇನು?"

"ಆಗಿನ ಕಾಲದಾಗ ಕಟ್ಟಸಾಕ ರೊಕ್ಕ ಇದ್ದಿಲ್ಲ, ಅದಕ್ಕ ಹಂಗ ಹೇಳ್ಯಾಳ."

"ಇರಲಿ. ನೀರು ಯಾರು ಹಾಕೋರು? ನಾ ಬರ್ಲೇನು?"

ತಾಯಪ್ಪ ಗೇಟಿನ ಸರಳು ಹಿಡಿದು ನೆಲ ನೋಡಿದ. "ನೀ ಅವರಾಕಿ" ಎಂದ.

ಆವತ್ತು ಲುದ್ಯಮ್ಮ ಉಣ್ಣಲಿಲ್ಲ. ಖಾಸಿಂಬೀ ಗೋಡೆಯ ಮೇಲಿನಿಂದ ಒಂದು ಡಬರಿಯಲ್ಲಿ ಬ್ಯಾಳಿ ಸಾರು ಚಾಚಿ, "ಅರೇ, ಕಲ್ಲಿನ ಸಲುವಾಗಿ ಹೊಟ್ಟಿಗಿ ಯಾಕ ಸಜಾ ಕೊಡ್ತಿ?" ಎಂದಳು.

"ಖಾಸಿಂಬೀ, ಅವರೂ ಮಾಳಿಗಿ ಅಂತಾರ, ಇವರೂ ಮಾಳಿಗಿ ಅಂತಾರ. ಅಕಿ ನನ್ನ ಕೈಯಾಗ ಬೋರಲ ಇದ್ದಾಗs ಪಾಡಿತ್ತೇನೋ. ನಾ ಬಾಯಿ ಬಿಡಬಾರದಿತ್ತು."

"ಬಿಟ್ಟಿ, ಹೋತು. ಈಗ ಉಣ್ಣು. ಕೆನಾಲ ದಂಡಿ ಮ್ಯಾಲಿನ ನಮ್ಮ ತುಕಡಿ ಹೊಲದಾಗ ತಗಡಿನ ಜೋಪಡಿ ಅದ, ನಿನಗ ಗೊತ್ತದಲ್ಲ? ಅಲ್ಲಿ ಮುಗಿಲು ಭಾಳ, ಮಾಳಿಗಿ ಕಡಿಮಿ."

ಲುದ್ಯಮ್ಮ ನಗಲಿಲ್ಲ. ಮನೆ ಬಿಟ್ಟು, ಗಂಡನ ಮಣ್ಣು ಬಿಟ್ಟು, ಈ ವಯಸ್ಸಿನಲ್ಲಿ ಹೊಲದ ಜೋಪಡಿಗೆ ಹೋಗುವ ಧೈರ್ಯ ತನಗೆಲ್ಲಿಯದು? ಸಮುವೇಲಪ್ಪ ಇದ್ದಿದ್ದರೆ ಏನನ್ನುತ್ತಿದ್ದನೋ. ಇಷ್ಟು ವರ್ಷ ಒಂದೇ ಗಂಗಾಳದಲ್ಲಿ ಉಂಡವನಿಗೆ ಹೇಳದೆ ಮೋಸ ಮಾಡಿದೆ ಎಂಬುದೇ ಅವಳ ಕಾಲಿಗೆ ದೊಡ್ಡ ಗುಂಡಾಗಿ ಜೋತುಬಿದ್ದಿತ್ತು. ಆಗಲಿ, ಮಂಟಪವೇ ಆಗಲಿ ಎಂದುಕೊಂಡಳು.

ಕಂಬದ ಕುಣಿ ತೋಡುವ ದಿನ ಗೌಂಡಿ ರಾಜಾಸಾಬನೇ ಬಂದ. ಪಾದ್ರಿಗಳು, ಮಾಸ್ತರು ಬಂದು ನಿಂತರು. ಗೋಡೆಯಾಚೆ ಖಾಸಿಂಬೀ ತನ್ನ ಬಯಲು ಅಂಗಳದ ಕಟ್ಟೆಯ ಮೇಲೆ ಹತ್ತಿ ನಿಂತಳು. ಮೊದಲು ಕಲ್ಲು ಎತ್ತಬೇಕು. ರಾಜಾಸಾಬ ಹಾರೆ ಹಾಕಿ ಮೀಟಿ, "ಬಿಸ್ಮಿಲ್ಲಾ" ಎಂದು ಮೇಲೆತ್ತಿದ. ಎತ್ತಿದವನು ಹಾಗೇ ನಿಂತುಬಿಟ್ಟ.

"ಯವ್ವಾ, ಇದನ್ನ ಯಾರು ಮಾಡಿದ್ದು?"

ಕಲ್ಲಿನ ಕೆಳಗೆ ಮಣ್ಣಿರಲಿಲ್ಲ. ಒಂದು ಕುಳಿ ಇತ್ತು, ಅಂದವಾಗಿ ತೋಡಿ ಸುತ್ತಲೂ ಶಹಾಬಾದಿ ಫರಸಿ ಕಲ್ಲಿನ ತುಂಡುಗಳನ್ನು ನಿಲ್ಲಿಸಿದ ಕುಳಿ. ಚರ್ಚಿನ ನೆಲಕ್ಕೆ ಹಾಕಿ ಉಳಿದ ಫರಸಿ ಅದು. ನೀರು ಹರಿದು ಹೋಗಲು ಸಣ್ಣ ಕಾಲುವೆಯನ್ನೂ ಬಿಟ್ಟಿತ್ತು. ಹಳ್ಳದವ್ವನ ಮುಖಕ್ಕೆ ಒಂದು ಕಣ ಮಣ್ಣು ತಾಕಿರಲಿಲ್ಲ. ಅವಳ ಹಣೆ ಆನಿಕೊಂಡಿದ್ದ ಜಾಗದಲ್ಲಿ, ಹೊರೆ ಹೊರುವ ಹೆಂಗಸರ ತಲೆಯ ಮೇಲಿನ ಸಿಂಬಿಯ ಹಾಗೆ ಸುತ್ತು ಸುತ್ತಾಗಿ ಸುತ್ತಿಟ್ಟ ಹಸಿರು ನೈಲಾನ್ ಹಗ್ಗ.

ದೇವಪುತ್ರ ಮಾಸ್ತರು ಬಗ್ಗಿ ನೋಡಿದರು. "ಇದು ಗಂಟಿ ಹಗ್ಗ ಅಲ್ಲೇನು..." ಎಂದರು.

ಲುದ್ಯಮ್ಮ ಕುಳಿಯ ಅಂಚಿಗೆ ಕೂತಳು. ಹಗ್ಗ ಕೈಗೆ ತೆಗೆದುಕೊಂಡಳು. ಸ್ವಲ್ಪವೂ ಕೊಳೆತಿರಲಿಲ್ಲ. ನಾರಿನ ಹಗ್ಗವಾಗಿದ್ದರೆ ಎರಡು ಮಳೆಗಾಲಕ್ಕೆ ಮಣ್ಣಾಗುತ್ತಿತ್ತು. ಅದಕ್ಕೇ ಸಮುವೇಲಪ್ಪ ಹೊಸದನ್ನು ತೆಗೆದುಕೊಂಡಿದ್ದ. ಅದಕ್ಕೇ ಎಲ್ಲರೆದುರು ಕಳ್ಳನಾಗಿ ನಿಂತಿದ್ದ. ಅದಕ್ಕೇ ಸೇಂದಿ ಅಂಗಡಿಯ ಮಾತಿಗೂ ಬಾಯಿ ಬಿಟ್ಟಿರಲಿಲ್ಲ.

"ಗೊತ್ತಿತ್ತು ನಿನಗ," ಎಂದಳು, ಯಾರಿಗೂ ಅಲ್ಲದೆ. "ಗೊತ್ತಿದ್ದೂ ಒಂದು ಮಾತು ಅನ್ನಲಿಲ್ಲಲ್ಲೋ, ಪುಣ್ಯಾತ್ಮ. ಒಂದೇ ಖೋಲ್ಯಾಗ ಇಬ್ರೂ ಅಂಜಿಕೊಂಡು ಕೂತಿದ್ವಲ್ಲೋ."

ಅಲ್ಲೇ ಕೂತು ಅತ್ತಳು. ಗೋಡೆಯಾಚೆ ಖಾಸಿಂಬೀ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಆಮೇಲೆ ಲುದ್ಯಮ್ಮ ಎದ್ದಳು. ಬಿಚ್ಚಿಹೋಗುತ್ತಿದ್ದ ಹಗ್ಗವನ್ನು ಮತ್ತೆ ಸುತ್ತಿ ತಲೆಯ ಮೇಲೆ ಇಟ್ಟುಕೊಂಡಳು.

"ರಾಜಾಸಾಬಣ್ಣ, ಅಕಿನ್ನ ಇದರ ಮ್ಯಾಲೆ ಇಡು. ಮುಖ ಮ್ಯಾಲಕ್ಕ ಬರಲಿ."

"ಅಮ್ಮಾ!" ಪಾದ್ರಿಗಳು ಮುಂದೆ ಬಂದರು. "ನಾವು ಏನು ತಪ್ಪು ಮಾಡಿದ್ವಿ?"

"ತಪ್ಪಲ್ರಿ ಅಯ್ನೋರ. ನೀವು ಆವತ್ತು ಓದಿದ್ದಕ್ಕs ನನಗ ಬಾಯಿ ಬಂತು. ಆದ್ರ ಅಕಿಗಿ ನಿಮ್ಮ ಸ್ಲ್ಯಾಬೂ ಬ್ಯಾಡ, ನಮ್ಮಣ್ಣನ ಗೋಪುರಾನೂ ಬ್ಯಾಡ. ನೀರು ಕಾಣೋ ಜಾಗ ಬೇಕು, ಮುಗಿಲು ಬೇಕು. ಕೆನಾಲ ದಂಡಿಗಿ ಒಯ್ತೀನಿ. ಆಯಿತ್ವಾರ ಬರ್ತೀನ್ರಿ, ಬೆಂಚು ಮಾತ್ರ ನನಗ ಬಿಡ್ರಿ."

"ಮನಿ?" ಎಂದರು ಮಾಸ್ತರು. ಈ ಸಲ ದನಿ ಮೆತ್ತಗಿತ್ತು.

ಅವಳು ಸೊಂಟದ ಕೀಲಿ ಬಿಚ್ಚಿ ಅವರ ಕೈಗಿತ್ತಳು. "ಒಳಗ ಹಂಡೆ ಅದ, ಗಂಗಾಳ ಅದ, ಖಾಸಿಂಬೀ ತರ್ತಾಳ. ಅವನ ಮಣ್ಣಿಗಿ ಒಂದೀಟು ನೀರು ಹಾಕಸ್ರಿ ಮಾಸ್ತರ, ಅಂವ ಕಳ್ಳ ಅಲ್ಲ."

ಮಾಸ್ತರು ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ತಲೆಯಾಡಿಸಿದರು.

ಕಲ್ಲು ಎರಡು ಕೊಡ ನೀರಿನ ಭಾರವಿತ್ತು. ರಾಜಾಸಾಬ ಎತ್ತಿ ಸಿಂಬಿಯ ಮೇಲಿಟ್ಟಾಗ ಅವಳ ಕತ್ತು ಒಮ್ಮೆ ನಡುಗಿ ನೆಟ್ಟಗಾಯಿತು. ಹೆಜ್ಜೆ ಹಾಕಿದವಳು ಮನೆಯ ಹಿಂಬಾಗಿಲಿನ ಮುಂದೆ ನಿಂತುಬಿಟ್ಟಳು. ಹೊರಗೆ ಹೋಗಲು ಇದೊಂದೇ ದಾರಿ. ಒಳಗೆ ಕಾಲಿಟ್ಟರೆ ಹಳ್ಳದವ್ವನ ಮೇಲೆ ಮಾಳಿಗೆ ಬರುತ್ತದೆ. ಬಂದಾಗ ಬಯಲಾಗಿದ್ದ ದಾರಿಗೆ ಗೋಡೆ ಅಡ್ಡ ನಿಂತಿದೆ.

ಅವಳ ಕಣ್ಣು ಹೋದ ಕಡೆ ರಾಜಾಸಾಬನ ಕಣ್ಣೂ ಹೋಯಿತು. "ಅಯ್ನೋರ," ಎಂದ, "ನಾ ಕಟ್ಟಿದ ಗ್ವಾಡಿ. ಹುಕುಂ ಆದ್ರ ಬಿಚ್ತೀನಿ."

"ಕಂಪೌಂಡ್ ಗ್ವಾಡಿ..." ಎಂದು ಮಾಸ್ತರು ಶುರು ಮಾಡುವಷ್ಟರಲ್ಲಿ ಪಾದ್ರಿಗಳೇ ಹೋಗಿ ಮೇಲಿನ ಸಾಲಿನ ಒಂದು ಕಲ್ಲಿಗೆ ಕೈ ಹಾಕಿ ಎಳೆದರು. ಅದು ಅವರ ಕಾಲ ಬಳಿಯೇ ಬಿತ್ತು.

"ಹುಷಾರ್ ಅಯ್ನೋರ, ಕಾಲು!" ಎಂದು ಖಾಸಿಂಬೀ ಆಚೆಯಿಂದ ಕೂಗಿ, ತಾನೂ ತನ್ನ ಕಡೆಯಿಂದ ಕಲ್ಲು ಕೀಳತೊಡಗಿದಳು.

ಅಷ್ಟು ಹೊತ್ತೂ ಲುದ್ಯಮ್ಮ ಹೊರೆ ಇಳಿಸಲಿಲ್ಲ. ಬಿಸಿಲಿನಲ್ಲಿ ಸುಮ್ಮನೆ ನಿಂತಿದ್ದಳು. ಅವಳ ತಲೆಯ ಮೇಲೆ ಬಾಯಿಲ್ಲದ ಆ ಮುಖ ಮುಗಿಲು ನೋಡುತ್ತಿತ್ತು. ಒಬ್ಬರು ನುಸುಳುವಷ್ಟು ಸಂದಿಯಾದಾಗ, "ಸಾಕು" ಎಂದಳು. ಮೈಯನ್ನು ಒಂದು ಮಗ್ಗುಲಿಗೆ ತಿರುಗಿಸಿ, ಒಂದು ಕೈಯಲ್ಲಿ ಹಳ್ಳದವ್ವನನ್ನು ಹಿಡಿದು, ಇನ್ನೊಂದು ಕೈಯನ್ನು ಖಾಸಿಂಬೀಯ ಕೈಗೆ ಕೊಟ್ಟು, ಆ ಹಿತ್ತಿಲಿನಿಂದ ಆಚೆ ಕಾಲಿಟ್ಟಳು.